ದೋಸೆ ಕಾವಲಿಯ ಮೇಲೆ ಆಂಟೆನಾ

ಸೊಸೆ ಎಲ್ಲಿ ಹೋದಳು, ಯಾರ ಜೊತೆ ನಿಂತಳು ಎಂದು ಊರೆಲ್ಲ ವಿಚಾರಿಸುವ ಅತ್ತೆಯರನ್ನು ನೀವು ಕಂಡಿರಬಹುದು. ತಾನು ಎಲ್ಲಿದ್ದೇನೆಂದು ಗಳಿಗೆಗೊಮ್ಮೆ ಆಕಾಶಕ್ಕೇ ಸಾರಿ ಹೇಳುವ ಅತ್ತೆಯನ್ನು ಕಂಡಿದ್ದೀರಾ? ಇಲ್ಲ ತಾನೇ! ಹಾಗಾದರೆ ಪುಲ್ಪಳ್ಳಿಗೆ ಬನ್ನಿ. ನಮ್ಮ ಅತ್ತೆಯವರನ್ನು ಹುಡುಕುವುದು ಬಹಳ ಸುಲಭ. ಜೀಪಿನ ನೆತ್ತಿಯ ಮೇಲೆ ದೋಸೆ ಕಾವಲಿ ಇಟ್ಟುಕೊಂಡು ಓಡಾಡುವವರು ಇಡೀ ವಯನಾಡಿನಲ್ಲಿ ಅವರೊಬ್ಬರೇ.

ನಮ್ಮದು ಮೆಣಸು, ಕಾಫಿಯ ಮನೆ. ಗದ್ದೆ ಮಾತ್ರ ದೂರದ ಬಾವಲಿ ಎಂಬ ಊರಿನಲ್ಲಿದೆ. ನಡುವೆ ಕಾಡು. ಕಾಡಿನ ದಾರಿಯಲ್ಲಿ ಫೋನಿಗೆ ರೇಂಜೇ ಇಲ್ಲ. ಹಳೆಯ ಜೀಪನ್ನು ತಾವೇ ಓಡಿಸಿಕೊಂಡು ಗದ್ದೆಗೆ ಹೋಗಿಬರುವ ಅತ್ತೆಗೆ ಇದೊಂದು ದೊಡ್ಡ ಅವಮಾನವಾಗಿ ಕಂಡಿತ್ತು.

"ಟವರ್‌ನವರು ಮನಸ್ಸು ಮಾಡಿದ್ರೆ ಮಾತ್ರ ನಾನು ಬಾಯಿ ಬಿಡಬೇಕಾ?" ಎಂದು ಗುಡುಗುತ್ತಿದ್ದರು.

ಒಂದು ಮಳೆಗಾಲದಲ್ಲಿ ಕರೆಂಟೂ ಹೋಗಿ ಟವರೂ ಸತ್ತಾಗ, ಕೇಣಿಚಿರದ ಅಂಗಡಿಯೊಂದರ ಜಗಲಿಯಲ್ಲಿ ಯಾರೋ ಒಬ್ಬರು ಟವರಿನ ಹಂಗಿಲ್ಲದ ಹ್ಯಾಮ್ ರೇಡಿಯೋವನ್ನು ಕಾರಿನ ಬ್ಯಾಟರಿಗೆ ಸಿಕ್ಕಿಸಿ ಗುಡ್ಡದಾಚೆಗೆ ಮಾತಾಡುವುದನ್ನು ಅತ್ತೆ ನೋಡಿಬಿಟ್ಟರು. ಅಷ್ಟೇ! ಮರುದಿನವೇ ಅದರ ಲೈಸೆನ್ಸಿನ ಪರೀಕ್ಷೆಗೆ ಓದಲು ಕುಳಿತರು. ಆ ವಯಸ್ಸಿನಲ್ಲಿ! ಜೊತೆಗೆ ನನ್ನನ್ನೂ ಕೂರಿಸಿದರು.

"ನನಗ್ಯಾಕೆ ಅತ್ತೆ?"

"ಆ ಕಡೆ ಕೇಳೋರು ಬೇಡ್ವಾ ಮೋಳೇ, ನನ್ನ ಮಗಳೇ? ನಾನೇನು ಮರಕ್ಕೆ ಹೇಳ್ಲಾ?"

ಇಬ್ಬರಿಗೂ ಲೈಸೆನ್ಸ್ ಬಂತು. ಮಾವನವರು ಮಾತ್ರ ಮುಖ ಸಿಂಡರಿಸಿದರು. "ಇವಳು ಅಂಗಳದಲ್ಲಿ ನಿಂತು ಕೂಗಿದ್ರೇ ಬಾವಲಿವರೆಗೂ ಕೇಳುತ್ತೆ. ಇದಕ್ಕೆ ರೇಡಿಯೋ ಬೇರೆ ಕೇಡು!"

ರೇಡಿಯೋ ಆರಿಸಲು ನಾವು ಮೈಸೂರಿಗೆ ಹೋದೆವು. ಅಂಗಡಿಯವನು ನನ್ನ ಗಂಡನ ಕಡೆ ತಿರುಗಿ, "ಸಾರ್, ಅಮ್ಮನವರಿಗೆ ಕೈಯಲ್ಲಿ ಹಿಡಿಯೋ ಪುಟ್ಟ ಸೆಟ್ ಸಾಕಲ್ವಾ?" ಎಂದ.

"ಕಾಡಲ್ಲಿ ಜೀಪು ಓಡಿಸೋದು ಸಾರ್ ಅಲ್ಲ, ನಾನು. ನನ್ನ ಮುಖ ನೋಡಿ ಮಾತಾಡಪ್ಪ," ಎಂದರು ಅತ್ತೆ.

ಪಾಪ, ಅವನು ಬೆವರು ಒರೆಸಿಕೊಂಡು ಬಣ್ಣದ ಪರದೆಯ ದೊಡ್ಡ ಸೆಟ್ಟೊಂದನ್ನು ಹೊರತೆಗೆದ. ಮಾತೂ ಅದರಲ್ಲೇ, ಜೀಪು ಎಲ್ಲಿದೆಯೆಂದು ಉಪಗ್ರಹದಿಂದ ತಿಳಿದು ತಾನಾಗಿಯೇ ಕಳಿಸುವುದೂ ಅದರಲ್ಲೇ. ನನ್ನ ಗಂಡನಂತೂ ಅದಕ್ಕೆ ಮನಸೋತೇ ಬಿಟ್ಟರು. ಅತ್ತೆ ಏನು ಮಾಡಿದರು ಗೊತ್ತೇ? ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿ, ಬಲಗೈಯಲ್ಲಿ ಇಲ್ಲದ ಸ್ಟೇರಿಂಗ್ ತಿರುಗಿಸುತ್ತಾ, ಜೀಪು ಗುಂಡಿಗೆ ಬಿದ್ದಂತೆ ಕುಲುಕಾಡುತ್ತಾ, ಎಡಗೈಯಿಂದ ಸೆಟ್ಟಿನ ಗುಂಡಿಗಳನ್ನು ತಡಕತೊಡಗಿದರು! ಒಳಗೆ ಬಂದ ಗಿರಾಕಿಯೊಬ್ಬ ಹಾಗೆಯೇ ಹಿಂದಕ್ಕೆ ಹೋದ.

"ಇದರ ಗುಂಡಿಗಳು ಸಾಸಿವೆ ಕಾಳಿನ ಹಾಗಿವೆ, ಬೇಡ," ಎಂದು ಕಣ್ಣು ಬಿಟ್ಟರು. "ಅಲ್ಲದೆ ಇದು ಕೆಟ್ರೆ ಎರಡೂ ಕೆಟ್ಟಂತೆ. ಮಾತಿಗೆ ಒಂದು ಸಾದಾ ಸೆಟ್ ಕೊಡು. ಜಾಗ ತಿಳ್ಸೋಕೆ ಬೇರೆಯದೇ ಡಬ್ಬಿ ಕೊಡು. ದನಿ ನಿಂತ್ರೂ ನಾನೆಲ್ಲಿದ್ದೀನಿ ಅಂತ ಗೊತ್ತಾಗ್ಬೇಕು. ಡಬ್ಬಿ ನಿಂತ್ರೂ ನಾನು ಬೈಯೋದು ಕೇಳ್ಸಬೇಕು."

ಅಂಗಡಿಯವನು ಮೊದಲ ಬಾರಿಗೆ ಅತ್ತೆಯ ಮುಖ ನೋಡಿ, "ಸರಿ ಅಮ್ಮ," ಎಂದ.

ಬುಡದಲ್ಲಿ ಅಯಸ್ಕಾಂತವಿರುವ ಆಂಟೆನಾವನ್ನು ನನ್ನ ಗಂಡ ಬಹಳ ಯೋಚಿಸಿ ಆರಿಸಿದ್ದರು. ಮನೆಗೆ ಬಂದಮೇಲೆ ನೆನಪಾಯಿತು, ನಮ್ಮ ಜೀಪಿನ ಮೇಲಿರುವುದು ಟಾರ್ಪಾಲು! ಟಾರ್ಪಾಲಿಗೆ ಎಲ್ಲಿಯ ಅಯಸ್ಕಾಂತ? ಅತ್ತೆ ಯಾರನ್ನೂ ಬೈಯಲಿಲ್ಲ. ನೇರವಾಗಿ ಅಡುಗೆಮನೆಗೆ ನಡೆದು, ಕಬ್ಬಿಣದ ದೋಸೆ ಕಾವಲಿ ತಂದು, ಜೀಪಿನ ಮೇಲಿನ ಕಂಬಿಗೆ ಬಿಗಿದು, ಅದರ ಮೇಲೆ ಆಂಟೆನಾ ಕೂರಿಸಿದರು.

"ನನ್ನ ದೋಸೆ?" ಎಂದರು ಮಾವ.

"ಇಡ್ಲಿ ತಿನ್ನಿ."

ಬಾವಲಿಯ ಚೆಕ್‌ಪೋಸ್ಟಿನಲ್ಲಿ ಕಾವಲಿನವನು ಜೀಪಿಗೆ ಒಂದು ಸುತ್ತು ಹಾಕಿ, "ಇದೆಂದಾ ಅಮ್ಮೇ, ದೋಶಕ್ಕಲ್ಲೋ?" ಎಂದು, ಇದೇನಮ್ಮ ದೋಸೆ ಕಾವಲಿಯಾ ಎಂದು ಮಲಯಾಳದಲ್ಲಿ ಬಾಯಿ ಬಿಟ್ಟನಂತೆ. ಅತ್ತೆ, "ಲೈಸೆನ್ಸ್ ಉಂಡು ಮೋನೇ," ಎಂದು, ಲೈಸೆನ್ಸ್ ಇದೆ ಮಗನೇ ಎಂದು ಅವನದೇ ಭಾಷೆಯಲ್ಲಿ ಹೇಳಿ ಕಾಗದ ಹಿಡಿದರಂತೆ. ಅವನು ಪಾಪ, ಕಾವಲಿಗೂ ಲೈಸೆನ್ಸ್ ಬೇಕೆಂದು ಇವತ್ತಿಗೂ ನಂಬಿದ್ದಾನೆ!

ಮನೆಯಲ್ಲಿ ನನ್ನದೊಂದು ಸೆಟ್ಟು, ಸಿಲ್ವರ್ ಓಕ್ ಮರದ ತುದಿಗೊಂದು ಆಂಟೆನಾ. ಹಳೆಯ ಲ್ಯಾಪ್‌ಟಾಪಿನ ನಕ್ಷೆಯ ಮೇಲೆ, ಜೀಪಿನ ಡಬ್ಬಿ ರೇಡಿಯೋದಲ್ಲೇ ಕಳಿಸುವ ಸುದ್ದಿಯಿಂದ, ಅತ್ತೆ ಕೆಂಪು ಚುಕ್ಕೆಯಾಗಿ ಓಡಾಡುತ್ತಿದ್ದರು. ಸಕ್ಕರೆ ಕಾಯಿಲೆಯಿರುವ ಈ ಚುಕ್ಕೆ ಒಮ್ಮೆ ಪೇಟೆಯ ಬೇಕರಿಯ ಮುಂದೆ ಬಹಳ ಹೊತ್ತು ನಿಂತುಬಿಟ್ಟಿತು. ಮಾವನವರಿಗೆ ಹಬ್ಬ!

"ಕೇಳಮ್ಮ ಅವಳನ್ನ, ಅಲ್ಲೇನು ಪಣಿ, ಏನು ಕೆಲಸ ಅಂತ!"

ಕೇಳಿದೆ. ಸುತ್ತಲಿನ ಹ್ಯಾಮ್ ರೇಡಿಯೋದವರೆಲ್ಲ ಕಿವಿಗೊಟ್ಟಿರುತ್ತಾರೆಂದು ಗೊತ್ತಿದ್ದೂ ಅತ್ತೆ ಗಟ್ಟಿಯಾಗಿ ಹೇಳಿದರು: "ಕೇಕ್ ತಿಂತಾ ಇದ್ದೀನಿ. ಇನ್ನೊಂದೂ ತಿಂತೀನಿ. ಓವರ್!"

ಹೀಗಿರುವಾಗ ಮೊನ್ನೆಯ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ ಚುಕ್ಕೆ ಕಾಡಿನ ನಡುವೆ ನಿಂತಿತು. ಅಲ್ಲಿ ಬೇಕರಿಯಿಲ್ಲ. ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಮಾವ ಬಂದು ನನ್ನ ಬೆನ್ನ ಹಿಂದೆ ನಿಂತರು. ತಮಾಷೆ ಮಾಡಲಿಲ್ಲ.

ಕೊನೆಗೆ ಸಣ್ಣ ಪಿಸುದನಿ ಬಂತು. "ಮರ ಬಿದ್ದಿದೆ. ಹಿಂದೆ ಆನೆ, ಮರೀನೂ ಇದೆ. ಎಂಜಿನ್ ಆಫ್ ಮಾಡಿ ಕೂತಿದ್ದೀನಿ. ಹೆದರ್ಬೇಡಿ."

ಫೋನುಗಳು ಸತ್ತಿದ್ದವು. ಚುಕ್ಕೆ ನಿಂತ ತಿರುವನ್ನು ನಕ್ಷೆಯಲ್ಲಿ ನೋಡಿಕೊಂಡು ನನ್ನ ಗಂಡ ಫಾರೆಸ್ಟ್ ಆಫೀಸಿಗೆ ಬೈಕು ಓಡಿಸಿದರು. ನಾನು ಮೈಕ್ ಹಿಡಿದು ಚುಕ್ಕೆಯನ್ನೇ ನೋಡುತ್ತಾ ಕುಳಿತೆ.

"ಕೊಡಮ್ಮ ಇಲ್ಲಿ," ಎಂದರು ಮಾವ. ಅದುವರೆಗೆ ರೇಡಿಯೋವನ್ನು ಮುಟ್ಟಿದವರಲ್ಲ. ನಾನು ಗುಂಡಿ ಒತ್ತಿ ಹಿಡಿದು ಮೈಕನ್ನು ಅವರ ಬಾಯಿಯ ಬಳಿ ಇಟ್ಟೆ. ಅವರು ಕೆಮ್ಮಿದರು. "ಚಾಯ ಕುಡಿದ್ಯೇನೇ?" ಎಂದರು.

ಆ ಕಡೆ ಮಳೆಯ ಸದ್ದಿನ ನಡುವೆ ಅತ್ತೆಯ ದನಿ, ನಾನೆಂದೂ ಕೇಳಿರದಷ್ಟು ಮೆತ್ತಗೆ: "ಇಲ್ಲ... ನಿಮ್ಮ ದನಿ ಕೇಳ್ತಾ ಇದೆ. ನಿಲ್ಲಿಸ್ಬೇಡಿ."

ಮಾವ ನಿಲ್ಲಿಸಲಿಲ್ಲ. ಮೆಣಸು ನೆನೆಯದ ಹಾಗೆ ಒಳಗೆ ತಂದೆ ಎಂದರು. ಕೆಂದ ಹಸು ಬೆಳಿಗ್ಗೆಯಿಂದ ದಾರಿ ನೋಡ್ತಿದೆ ಎಂದರು. ಅತ್ತೆ ಆಗಾಗ "ಹೂಂ" ಎನ್ನುತ್ತಿದ್ದರು, ಅಷ್ಟೇ. ಎಷ್ಟೋ ಹೊತ್ತಿನ ಮೇಲೆ, ಫಾರೆಸ್ಟಿನವರು ಬಂದು ಆನೆಯನ್ನು ಓಡಿಸಿ ಮರ ಸರಿಸಿದ್ದಿರಬೇಕು, ಚುಕ್ಕೆ ಮೆಲ್ಲಗೆ ಮನೆಯ ಕಡೆ ಅಲುಗಿತು. ಮಾವ ಅದನ್ನು ನೋಡಲೇ ಇಲ್ಲ. ನೆಲ ನೋಡುತ್ತಾ, ಹಿತ್ತಲಿನ ಹಲಸು ಈ ಸಲ ಎಷ್ಟು ಕಾಯಿ ಬಿಟ್ಟಿದೆ ಎಂದು ಇನ್ನೂ ಹೇಳುತ್ತಲೇ ಇದ್ದರು.