ಕೋಳಿ ಕತೆಯ ಕೊನೇ ಹಾಳೆ

ಕತೆ ಐದು ಹಾಳೆ ಇತ್ತು. ಐದನೆಯದರ ತುದಿಯ ಸಾಲು ಹೀಗಿತ್ತು: 'ನಡುನೀರಿಗೆ ಬಂದ ಮೇಲೆ ದೋಣಿಯಲ್ಲಿ ತೂತು ಇರುವುದು ಕೋಳಿಗೆ ಕಾಣಿಸಿತು. ಆಗ'. ಅಷ್ಟೇ. ಟೈಲರ್ ಹಾಳೆ ಮಗುಚಿದ. ಹಿಂದೆ ಖಾಲಿ. ಮೇಜಿನ ಕೆಳಗೆ ಬಗ್ಗಿ ಹುಡುಕಿದರೆ ಅಲ್ಲಿ ಬರೀ ಬಟ್ಟೆಯ ಚೂರುಗಳು.

ಬರೆದವಳು ಅವನ ಹತ್ತು ವರ್ಷದ ಮಗಳು. ಹೋದ ವರ್ಷ ಅವಳು ಮೊದಲ ಕತೆ ತಂದಾಗ ಈ ಮಹಾಶಯ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು ಹದಿನೇಳು ತಪ್ಪು ಗುರುತು ಹಾಕಿ ವಾಪಸು ಕೊಟ್ಟಿದ್ದ. ಮಗಳು ಆರು ತಿಂಗಳು ಏನೂ ಬರೆಯಲಿಲ್ಲ. ಇವತ್ತು ತಾನಾಗಿಯೇ, ಸ್ಕೂಲಿಗೆ ಹೊರಡುವಾಗ ಹಾಳೆಗಳಿಗೆ ಗುಂಡುಸೂಜಿ ಚುಚ್ಚಿ ಮೇಜಿನ ಮೇಲಿಟ್ಟು, "ಅಪ್ಪಾ, ಸಂಜೆಯೊಳಗೆ ಓದು" ಎಂದು ಓಡಿದ್ದಳು. ಒಳಮನೆಯಿಂದ ಹೆಂಡತಿ, "ಈ ಸಲ ಏನಾದ್ರೂ ಎಡವಟ್ಟು ಮಾಡಿದ್ರೆ ಅವಳು ಇನ್ಯಾವತ್ತೂ ಬರೆಯಲ್ಲ, ನೋಡ್ಕೊಳ್ಳಿ" ಎಂದು ಎಚ್ಚರಿಸಿದ್ದಳು.

ಎಡವಟ್ಟು ಆಗಿಯೇ ಹೋಯಿತು ಎಂದುಕೊಂಡ ಟೈಲರ್. ಕಾಲರ್ ಬಗ್ಗದಿರಲೆಂದು ಅದರೊಳಗೆ ಕೈಗೆ ಸಿಕ್ಕ ಹಾಳೆ ಮಡಚಿಡುವುದು ಅವನ ಅಭ್ಯಾಸ. ಮಗಳು ಹೋದ ಮೇಲೆ ಹಾಗೆ ಎರಡು ಬಟ್ಟೆ ಮಡಚಿ ಕೊಟ್ಟಿದ್ದ; ಸೂಜಿಯಿಂದ ಕಳಚಿದ ಕೊನೇ ಹಾಳೆ ಅದರಲ್ಲೇ ಸೇರಿಹೋಗಿರಬೇಕು. ಒಂದು ಎದುರಿನ ಔಷಧಿ ಅಂಗಡಿಯವನ ಬಿಳಿ ಕೋಟು, ಇನ್ನೊಂದು ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರ ಶರ್ಟು. ಇಸ್ತ್ರಿಪೆಟ್ಟಿಗೆ ಎಲ್ಲಿಟ್ಟೆ ಎಂದೂ ನೋಡದೆ ಅವನು ಬೀದಿಗೆ ಹಾರಿದ.

ಕೋಟಿನ ಕಾಲರಿನಲ್ಲಿ ಹಳೆ ಕ್ಯಾಲೆಂಡರಿನ ಚೂರಿತ್ತು. ಸಂಗತಿ ಕೇಳಿದ ಔಷಧಿ ಅಂಗಡಿಯವನು ಕಾದಿದ್ದ ಗಿರಾಕಿಗಳನ್ನು ಮರೆತೇಬಿಟ್ಟ.

"ಅಷ್ಟಕ್ಕೆ ಯಾಕ್ರೀ ಗಾಬರಿ? ನೀವೇ ಬರೆದು ಸೇರಿಸಿ. ಕೋಳಿ ಈಜಿ ದಡ ಸೇರ್ತು, ನೆಗಡಿ ಆಯ್ತು, ದಿನಕ್ಕೆ ಮೂರು ಮಾತ್ರೆ ನುಂಗ್ತು, ಊಟ ಆದ್ಮೇಲೆ."

ಮೇಷ್ಟ್ರು ಹೊಸ ಶರ್ಟು ಹಾಕಿಕೊಂಡು ಬಾಗಿಲಲ್ಲೇ ಪೇಪರ್ ಓದುತ್ತಿದ್ದರು. ಟೈಲರ್ ಮಾತಿಲ್ಲದೆ ಅವರ ಕಾಲರಿಗೆ ಕೈ ಹಾಕಿದ.

"ಏನಯ್ಯಾ, ಕುತ್ತಿಗೆ ಹಿಸುಕ್ತೀಯಾ?"

"ಹಾಳೆ ಮೇಷ್ಟ್ರೇ, ಒಳಗಿದ್ದ ಹಾಳೆ."

ಅದು ಕಸದ ಡಬ್ಬಿ ಸೇರಿತ್ತು. ಟೈಲರ್ ಡಬ್ಬಿಯನ್ನು ಮೆಟ್ಟಿಲ ಮೇಲೇ ಬೋರಲು ಹಾಕಿ, ಈರುಳ್ಳಿ ಸಿಪ್ಪೆಯ ನಡುವೆ ಕೈಯಾಡಿಸಿದ. ಕಾಲರಿನಲ್ಲಿದ್ದದ್ದು ಒಂದು ಹಳೆ ರಸೀದಿ. ಅಕ್ಕಪಕ್ಕದವರು ಕಿಟಕಿ ತೆರೆದು ನೋಡಿದರು.

"ಆ ಕೋಳಿ ಮನೇಲಿ ಹೇಳದೆ ಹೊರಟಿತ್ತು ತಾನೇ?" ಎಂದರು ಕತೆಯನ್ನೆಲ್ಲ ಕೇಳಿಕೊಂಡ ಮೇಷ್ಟ್ರು. "ಮುಳುಗಲಿ ಬಿಡು. ಮಕ್ಕಳಿಗೆ ಒಂದು ನೀತಿ ಆಗುತ್ತೆ."

"ಅದನ್ನ ಮುಳುಗಿಸಿದ್ರೆ ನನ್ ಮಗಳು ಅಳ್ತಾಳೆ ಮೇಷ್ಟ್ರೇ" ಎಂದ ಟೈಲರ್. ಅವನಿಗೇ ಅಳು ಬರುವಂತಾಗಿತ್ತು.

ವಾಪಸು ಬಂದರೆ ಅಂಗಡಿ ತುಂಬ ಸುಟ್ಟ ವಾಸನೆ. ಯಾರದೋ ಶರ್ಟಿನ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ತನ್ನ ರೂಪವನ್ನು ಕಂದು ಬಣ್ಣದಲ್ಲಿ ಅಚ್ಚೊತ್ತಿ ಕೂತಿತ್ತು. ಟೈಲರ್ ಅದನ್ನು ಬದಿಗಿಟ್ಟು ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡ. ಅವಳ ದುಂಡು ಅಕ್ಷರವನ್ನೇ ನೋಡಿ ನೋಡಿ, ನಾಲಗೆ ಕಚ್ಚಿಕೊಂಡು ಬರೆಯತೊಡಗಿದ. ಅವನ ಕೋಳಿ ಸೂಜಿದಾರ ತೆಗೆದು ತೂತಿಗೆ ತೇಪೆ ಹಾಕಿತು. ಔಷಧಿಯವನ ಮಾತ್ರೆಗೂ ಒಂದು ಸಾಲು ಹೋಯಿತು. ಮಧ್ಯಾಹ್ನದ ಊಟ ತಪ್ಪಿತು, ನಾಲ್ಕು ಹಾಳೆ ಹಾಳಾದವು, ಐದನೆಯದು ಸುಮಾರಾಗಿ ಬಂತು; ಅದನ್ನು ಕತೆಯ ಕೊನೆಗೆ ಸೇರಿಸಿ ಗುಂಡುಸೂಜಿ ಚುಚ್ಚಿಟ್ಟ.

ಸಂಜೆ ಮಗಳು ಬಂದವಳೇ ಬ್ಯಾಗ್ ಕೂಡ ಇಳಿಸದೆ ಹಾಳೆ ತಿರುವಿದಳು. ಆರನೆಯದಕ್ಕೆ ಬಂದು ನಿಂತಳು.

"ಅಪ್ಪಾ, ಇದ್ಯಾರು ಬರೆದಿದ್ದು?"

"ಯಾರು ಅಂದ್ರೆ? ನೀನೇ ಅಲ್ವೇನಮ್ಮಾ?"

"ನಾನು ಐದೇ ಹಾಳೆ ಬರೆದಿದ್ದು. 'ಆಗ' ಅಂತ ಬರೆದ ಮೇಲೆ ಏನೂ ಹೊಳೀಲೇ ಇಲ್ಲ. ಅದಕ್ಕೇ ನಿಂಗೆ ಓದೋಕೆ ಕೊಟ್ಟಿದ್ದು."

ಟೈಲರ್ ಕೈಯಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಆಮೇಲೆ ಕಾಲರು, ಕಸದ ಡಬ್ಬಿ, ಎಲ್ಲವನ್ನೂ ಒಪ್ಪಿಸಿಬಿಟ್ಟ.

"ನಿನ್ನ ಕತೆ ಕೆಡಿಸಿಬಿಟ್ಟೆ ಕಣಮ್ಮಾ. ಬರೆಯೋದು ಮಾತ್ರ ಬಿಡಬೇಡ."

ಮಗಳು ಅಪ್ಪನ ಕಿವಿಯಿಂದ ಪೆನ್ಸಿಲ್ ತೆಗೆದುಕೊಂಡು ಸ್ಟೂಲಿನ ಮೇಲೆ ಕೂತಳು.

"ಕೋಳಿಗೆ ಸೂಜಿ ಎಲ್ಲಿಂದ ಬಂತು?"

"ಅದು... ಯೋಚನೆ ಮಾಡಲಿಲ್ಲ."

"ಮಾತ್ರೆ ಯಾಕೆ ನುಂಗ್ತು?"

"ಅದು ಔಷಧಿ ಅಂಗಡಿ ಅಂಕಲ್ ಹೇಳಿದ್ದು."

ಎರಡಕ್ಕೂ ಅಡ್ಡಗೆರೆ ಬಿತ್ತು. ಪೆನ್ಸಿಲ್ ಇನ್ನೂ ಕೆಳಗಿಳಿದು ಒಂದು ಕಡೆ ನಿಂತಿತು. "'ಕೋಳಿಗೆ ಅಳು ಬಂತು, ಆದರೆ ಮೊದಲು ತೂತು ಮುಚ್ಚಬೇಕಿತ್ತು.' ಇದು ತುಂಬಾ ಚೆನ್ನಾಗಿದೆ ಅಪ್ಪಾ. ಇದೊಂದು ಇರಲಿ."

ಟೈಲರ್ ಬಗ್ಗಿ ಆ ಸಾಲನ್ನು ಇನ್ನೊಮ್ಮೆ ಓದಿಕೊಂಡ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದರೂ ಯಾವ ಗಿರಾಕಿಯೂ ಅವನಿಗೆ ಇಷ್ಟು ಪ್ರೀತಿಯಿಂದ ಶಹಬ್ಬಾಸ್ ಹೇಳಿರಲಿಲ್ಲ.

"ಮಿಕ್ಕಿದ್ದನ್ನ ಇನ್ನೊಂದ್ಸಲ ಬರಿ" ಎಂದು ಮಗಳು ಆರೂ ಹಾಳೆಗಳನ್ನು ಅವನ ಮಡಿಲಿಗೆ ಹಾಕಿದಳು. "ನಾಳೆ ಸಂಜೆ ನೋಡ್ತೀನಿ."

"ನಾನಾ? ಕತೆ ನಿಂದಲ್ವೇನಮ್ಮಾ?"

"ನಂಗೆಲ್ಲಿ ಟೈಮಿದೆ? ಸ್ಕೂಲಲ್ಲಿ ಹೊಸ ಕತೆ ಶುರು ಮಾಡಿದೀನಿ. ಅದೂ ಎಲ್ಲಾದ್ರೂ ನಿಂತ್ರೆ ನಿಂಗೇ ತಂದು ಕೊಡ್ತೀನಿ."

ಟೈಲರ್ ಆಯ್ತಮ್ಮಾ ಎಂದ. ಬೇರೇನು ತಾನೇ ಹೇಳುತ್ತಾನೆ, ಪಾಪ.