ನಾಲ್ಕು ಊರಿನ ಪೋರ್ಟು, ನನ್ನದೊಂದು ಸಹಿ

ಯಂತ್ರ ಕೆಟ್ಟರೆ ಸರಿ ಮಾಡಬಹುದು. ಒಳ್ಳೆಯ ಮನಸ್ಸಿನ ಜನ ಅದಕ್ಕೆ ಕೈ ಹಾಕಿದರೆ ಏನು ಮಾಡುವುದು? ಆಸ್ಪತ್ರೆಗಳ ಕಂಪ್ಯೂಟರ್ ಲೈನು ಪರೀಕ್ಷಿಸುವ ಈ ಕೆಲಸಕ್ಕೆ ಸೇರಿದಂದಿನಿಂದ ಇದೇ ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿದ್ದೇನೆ. ಉತ್ತರ ಸಿಕ್ಕಿಲ್ಲ, ಪ್ರಸಂಗಗಳೂ ನಿಂತಿಲ್ಲ.

ನಮ್ಮ ಭಾಗದ ನಾಲ್ಕು ಊರುಗಳಲ್ಲಿ ಒಂದೇ ಆಡಳಿತದ ಆಸ್ಪತ್ರೆಗಳಿವೆ. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳೆಲ್ಲ ಅಲ್ಲಿ ಸ್ಟೋರೇಜ್ ಎಂಬ ಡಿಸ್ಕುಗಳ ಕಪಾಟಿನಲ್ಲಿರುತ್ತವೆ. ಕಪಾಟಿಗೂ ಕಂಪ್ಯೂಟರಿಗೂ ನಡುವೆ ಒಂದು ಸ್ವಿಚ್. ಅದರ ಪೋರ್ಟುಗಳಿಂದ ಗಾಜಿನ ತಂತಿಯಲ್ಲಿ ಬೆಳಕು ಓಡುತ್ತದೆ. ತಂತಿಯ ಮೇಲೆ ಅನುಮಾನ ಬಂದರೆ ಆ ಪೋರ್ಟನ್ನು ಡಯಾಗ್ನಾಸ್ಟಿಕ್ ಮೋಡಿಗೆ, ಅಂದರೆ ಪರೀಕ್ಷೆಗೆ ಹಾಕಬೇಕು. ಆಗ ಅದು ಯಾರ ಚಿತ್ರವನ್ನೂ ಹೊರುವುದಿಲ್ಲ. ಬೆಳಕು ಕಳಿಸಿ, ಸರಿಯಾಗಿ ಮರಳಿ ಬಂತೋ ಇಲ್ಲವೋ ನೋಡಿಕೊಳ್ಳುತ್ತದೆ, ಅಷ್ಟೆ. ಮಕ್ಕಳಿಗೂ ತಿಳಿಯುವ ಸಂಗತಿ ಎಂದು ನಾನು ಒಂದು ಕಾಲದಲ್ಲಿ ನಂಬಿದ್ದೆ.

ಈ ವರ್ಷ ಬೈಲಹೊಂಗಲಕ್ಕೆ ಹೊಸ ಸ್ಕ್ಯಾನ್ ಯಂತ್ರ ಬಂತು. ಅದರ ಚಿತ್ರಗಳು ನಾಲ್ಕೂ ಊರಿಗೆ ಹೋಗಬೇಕಾದ್ದರಿಂದ, ನಾಲ್ಕೂ ಊರಿನ ಲೈನುಗಳು, ಅಂದರೆ ಈ ತಂತಿ-ಪೋರ್ಟುಗಳು, ಪಾಸಾಗಿವೆ ಎಂದು ನಾನು ಸಹಿ ಮಾಡುವವರೆಗೆ ಅದನ್ನು ಶುರು ಮಾಡುವಂತಿಲ್ಲ. ಅಲ್ಲಿನ ದೊಡ್ಡ ಡಾಕ್ಟರು ದಿನಾ ಫೋನು ಮಾಡುತ್ತಿದ್ದರು. "ಪೇಶಂಟು ನೋವು ತಡಕೊಂಡು ಬೆಳಗಾವಿಗೆ ಹೋಗಾಕತ್ತಾರ್ರಿ. ಒಂದು ಸಹಿ ಒಗೀರಿ, ಮುಗೀತು."

"ಪರೀಕ್ಷೆ ಮುಗಿಯದೆ ಸಹಿ ಇಲ್ಲ ಡಾಕ್ಟರೇ" ಎಂದೆ. ಮುಂದೆ ಆದದ್ದು ಇದು.

ಕಿತ್ತೂರು

ಇಲ್ಲಿ ಕಂಪ್ಯೂಟರ್ ಆಪರೇಟರಿಗೆ ಹಿಂದಿನ ದಿನ ಒಂದೇ ಕೆಲಸ ಹೇಳಿದ್ದೆ: ನಾಳೆ ಹನ್ನೊಂದು ಗಂಟೆಗೆ ಪೋರ್ಟನ್ನು ಪರೀಕ್ಷೆಗೆ ಹಾಕುತ್ತೇನೆ, ಎಕ್ಸ್‌ರೇ ಡಾಕ್ಟರಿಗೆ ಮೊದಲೇ ತಿಳಿಸಿ. ಬಂದು ಕೇಳಿದರೆ, "ತಿಳಿಸೇನ್ರಿ ಸರ" ಎಂದ. ಹನ್ನೊಂದಕ್ಕೆ ಹಾಕಿದೆ. ಹನ್ನೊಂದೂ ಎರಡಕ್ಕೆ ಎಕ್ಸ್‌ರೇ ಡಾಕ್ಟರು ಕೆಂಪಗಾಗಿ ಓಡಿ ಬಂದರು. "ಯಾರ್ರೀ ಲೈನ್ ಬಂದ್ ಮಾಡಿದವ್ರು? ಕಾಲ ಮುರದಾಂವ ಟೇಬಲ್ ಮ್ಯಾಲ ಅದಾನ!"

ಆಪರೇಟರ್ ಕಡೆ ತಿರುಗಿದೆ. "ತಿಳಿಸಿದೆ ಅಂದೆಯಲ್ಲ?"

"ಖರೇನ ತಿಳಿಸೇನ್ರಿ. ಮುಂಜಾನೆ ಅವರ ಮನಿಗಿ ಹೋಗಿ ಹೇಳಿ ಬಂದೇನಿ. ಇಂಥಾ ದೊಡ್ಡ ಕೆಲಸ, ದವಾಖಾನಿಯಾಗ ನಿಂತ ನಿಲುವಿನ್ಯಾಗ ಹೇಳಿದ್ರ ಮರ್ಯಾದಿ ಆಗೂದಿಲ್ಲರಿ."

"ಮನೆಯಲ್ಲಿ ಡಾಕ್ಟರು ಇದ್ದರೇ?"

"ಇಲ್ರಿ, ಡ್ಯೂಟಿಗೆ ಬಂದಿದ್ರು. ಅವರ ಮನಿಯವ್ರಿಗೆ, ಅಕ್ಕಾರಿಗೆ, ಹೇಳೇನಿ. ಅವರು ಬಾಳ ಸಂತೋಷಾತು ಅಂದ್ರು."

ಸವದತ್ತಿ

ಪರೀಕ್ಷೆಗೆ ಹಾಕಿದ ಪೋರ್ಟಿನ ಹಸಿರು ದೀಪ ಆರಿತ್ತು. ಅದು ಹಾಗೇ ಇರಬೇಕು. 'ತಂತಿಗಳನ್ನು ಮುಟ್ಟಬಾರದು' ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆದು ಅಂಟಿಸಿ ಊಟಕ್ಕೆ ಹೋದೆ. ಬಂದು ನೋಡಿದರೆ ತಂತಿ ಬೇರೆ ಪೋರ್ಟಿನಲ್ಲಿತ್ತು. ಎರಡು ತಾಸಿನ ಪರೀಕ್ಷೆ ಅರ್ಧಕ್ಕೇ ನಿಂತಿತ್ತು.

ಬಾಗಿಲ ಬಳಿ ಕುಳಿತಿದ್ದ ಹಿರಿಯ ಸಿಪಾಯಿಯನ್ನು ಕೇಳಿದೆ. ಆತ ಒಂದಿಷ್ಟೂ ಅಳುಕಲಿಲ್ಲ. "ಅದರ ದೀಪ ಆರಿತ್ತರಿ. ಬಾಜೂದ್ದು ಚೊಲೋ ಹತ್ತಿತ್ತು, ಅದಕ್ಕ ಸಿಗಿಸೇನಿ. ನಿಮ್ಮ ಕೆಲಸ ನಿಂದರಬಾರದಲ್ರಿ."

"ಬೋರ್ಡು ಓದಲಿಲ್ಲವೇ?"

"ಓದೇನ್ರಿ. ಅದಕ್ಕ ಕೈಗೆ ಅರಿವಿ ಸುತ್ತಿಕೊಂಡ ತಗದೇನಿ. ಬೇಕಾದ್ರ ನೋಡ್ರಿ, ಒಂದ ಕೈಬಟ್ಟಿನ ಗುರ್ತ ಇಲ್ಲ."

ನಾನು ಬೋರ್ಡನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಆ ಎರಡು ತಾಸನ್ನು ಮತ್ತೆ ಮೊದಲಿನಿಂದ ಕಾದೆ, ಈ ಸಲ ಸ್ವಿಚ್ಚಿನ ಮುಂದೆ ಕುರ್ಚಿ ಹಾಕಿಕೊಂಡು. ಆತ ಪಾಪ ನನಗೆ ಗಾಳಿ ಹಾಕುತ್ತ ನಿಂತ.

ರಾಮದುರ್ಗ

ಮಹಾನವಮಿ ಮುಗಿದ ವಾರ. ಪೋರ್ಟನ್ನು ಪರೀಕ್ಷೆಗೆ ಹಾಕಿದೆ, ಫೇಲಾಯಿತು. ಬೆಳಕು ಹೋಗುತ್ತದೆ, ಮರಳಿ ಬರುವುದಿಲ್ಲ. ಪೋರ್ಟು ಬದಲಿಸಿದೆ, ಮತ್ತೆ ಫೇಲು. ಕೊನೆಗೆ ತಂತಿಯನ್ನೇ ಎಳೆದು ತುದಿ ನೋಡಿದೆ. ಕೂದಲೆಳೆಗಿಂತ ಸಣ್ಣದಾದ ಆ ಗಾಜಿನ ತುದಿಯ ಮೇಲೆ ಅಚ್ಚುಕಟ್ಟಾಗಿ ಒಂದು ಕುಂಕುಮದ ಬೊಟ್ಟು!

"ಹಬ್ಬದಾಗ ಪೂಜಿ ಮಾಡೇವ್ರಿ" ಎಂದ ಅಲ್ಲಿನ ಆಪರೇಟರ್.

"ಪೂಜೆ ಮಾಡಪ್ಪ, ಬೇಡ ಅನ್ನಲಿಲ್ಲ. ಪೆಟ್ಟಿಗೆಯ ಮೇಲೆ ಹಚ್ಚಬಾರದಿತ್ತೇ?"

"ಬೆಳಕು ಇಲ್ಲಿಂದ ಬರತೈತಿ ಅಂತ ನೀವ ಹೇಳಿದ್ರಲ್ಲರಿ. ಮಾರಿ ಬಿಟ್ಟು ಬೆನ್ನಿಗೆ ಯಾರರೆ ಕುಂಕುಮ ಹಚ್ಚತಾರೇನ್ರಿ?"

ನಾನು ಕಣ್ಣು ಮುಚ್ಚಿಕೊಂಡೆ. "ಆ ಕಡೆಯ ತುದಿಗೂ ಕುಂಕುಮ ಹಚ್ಚಿದ್ದೀಯಾ?"

"ಛೇ ಛೇ, ಇಲ್ಲರಿ ಸರ." ನನಗೆ ಜೀವ ಬಂತು. "ಆ ಕಡೆ ಭಸ್ಮಾರಿ."

ಬೈಲಹೊಂಗಲ

ಕುಂಕುಮ, ಭಸ್ಮ ಒರೆಸಿದ ಮೇಲೆ ಅಂತೂ ಮೂರೂ ಊರಿನ ಲೈನುಗಳು ಪಾಸಾದವು. ಇಷ್ಟಾದ ಮೇಲೆ ಉಳಿದ ದಾರಿ ಒಂದೇ ಎಂದು ತೀರ್ಮಾನಿಸಿದೆ. ಪ್ರತಿಯೊಂದು ಹೆಜ್ಜೆಯನ್ನೂ ಬರೆದು ಬೈಲಹೊಂಗಲದ ಆಪರೇಟರನ ಕೈಗೆ ಒಂದು ಹಾಳೆ ಕೊಟ್ಟೆ. ಅಡಿಯಲ್ಲಿ ಕೆಂಪು ಶಾಯಿಯಲ್ಲಿ, 'ಇದರಲ್ಲಿ ಇಲ್ಲದ್ದನ್ನು ಯಾರೂ ಮಾಡಕೂಡದು.'

ಆತ ಹಾಳೆಯ ಪ್ರಕಾರ ಹೊಸ ಯಂತ್ರದ ಎರಡೂ ಲೈನು ಪರೀಕ್ಷಿಸಿದ. ಎರಡೂ ಪಾಸು. ವರದಿಯನ್ನು ಎರಡು ಸಲ ಓದಿ ಸಹಿ ಮಾಡಿದೆ. ಮರುದಿನವೇ ಯಂತ್ರ ಶುರು. ಮೊದಲ ಪೇಶಂಟು ಸುರೇಬಾನದ ಒಬ್ಬ ಅಜ್ಜಿ, ತಿಂಗಳಿಂದ ಸೊಂಟ ಹಿಡಿದಿತ್ತು. ಟೆಕ್ನಿಶಿಯನ್ ಆಕೆಯನ್ನು ಮಲಗಿಸಿ, "ಅಜ್ಜಿ, ನಾ ಹೇಳೂತನಕ ಒಟ್ಟ ಅಳ್ಳಾಡಬ್ಯಾಡ್ರಿ" ಎಂದ. ಯಂತ್ರ ಗುಂಯ್ಗುಟ್ಟಿತು. ಪರದೆಯ ಮೇಲೆ ಚಿತ್ರವಿಲ್ಲ.

ದೊಡ್ಡ ಡಾಕ್ಟರು ನನ್ನನ್ನು ನೋಡಿದರು. ನಾನು ಆಪರೇಟರನನ್ನು ನೋಡಿದೆ. "ಲೈನು ಪಾಸಾಗಿದ್ದವಲ್ಲ?"

"ಪಾಸಾಗ್ಯಾವ್ರಿ. ಇನ್ನೂ ಪರೀಕ್ಷಾದಾಗ ಅದಾವು."

"ಪಾಸಾದ ಮೇಲೆ ತಿರುಗಿ ಕೆಲಸಕ್ಕೆ ಹಚ್ಚಬೇಕು ಅಂತ ಗೊತ್ತಿಲ್ಲವೇ?"

"ಗೊತ್ತೈತ್ರಿ. ಹಾಳ್ಯಾಗ ಇಲ್ಲರಿ."

ಹಾಳೆ ಕಸಿದುಕೊಂಡೆ. ಹನ್ನೆರಡು ಹೆಜ್ಜೆ ಬರೆದಿದ್ದೆ, ಕೈ ತೊಳೆಯುವುದನ್ನೂ ಸೇರಿಸಿ. ಹದಿಮೂರನೆಯದನ್ನು ಬರೆದಿರಲಿಲ್ಲ.

"ಒಂದು ಮಾತು ಕೇಳಬಾರದಿತ್ತೇನಪ್ಪಾ?"

"ಕೇಳೂದೂ ಹಾಳ್ಯಾಗ ಇಲ್ಲಲ್ರಿ ಸರ."

"ತಪ್ಪು ನನ್ನದು ಡಾಕ್ಟರೇ" ಎಂದು ಎಲ್ಲರ ಮುಂದೆ ಹೇಳಿದೆ. ನಾನೇ ಕುಳಿತು ಎರಡೂ ಪೋರ್ಟನ್ನು ಕೆಲಸಕ್ಕೆ ಹಚ್ಚಿದೆ. ಒಂದೊಂದೇ ಚಿತ್ರ ಪರದೆಗೆ ಬಂತು, ಸೊಂಟದ ಎಲುಬು ಎಣಿಸುವಷ್ಟು ಸ್ವಚ್ಛ. ಡಾಕ್ಟರು ನಿಟ್ಟುಸಿರು ಬಿಟ್ಟರು. ಈ ಗದ್ದಲದಲ್ಲಿ ಅಜ್ಜಿಯನ್ನು ಎಲ್ಲರೂ ಮರೆತಿದ್ದೆವು. ಆಕೆ ಅರ್ಧ ತಾಸಿನಿಂದ ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತ ರೆಪ್ಪೆಯನ್ನೂ ಅಲುಗಿಸದೆ ಮಲಗಿದ್ದಳು.

ಟೆಕ್ನಿಶಿಯನ್ ಓಡಿದ. "ಮುಗೀತ್ರಿ ಅಜ್ಜಿ, ಏಳ್ರಿ."

ಅಜ್ಜಿ ಏಳಲಿಲ್ಲ. ತುಟಿಯಷ್ಟೇ ಅಲ್ಲಾಡಿತು:

"ಏಳೂದು ಆ ಹಾಳ್ಯಾಗ ಐತೇನ ಮೊದಲ ನೋಡ್ರಪಾ."