‘ನಿಮ್ಮದು ಯಾವ ಊರು?’ ಎಂಬ ಮಹನೀಯ ಪ್ರಶ್ನೆಗೆ, ಕ್ಷೌರದ ಕುರ್ಚಿಯ ಹಿಂದಿನಿಂದ

ಮಾನ್ಯರೇ,

ಬಸ್ಸಿನ ಸೀಟಿನಲ್ಲಿ, ಡಾಕ್ಟರ ಬಾಗಿಲಲ್ಲಿ, ಅಂಗಡಿಯ ಸಾಲಿನಲ್ಲಿ, ಎಲ್ಲಿ ಇಬ್ಬರು ಅಪರಿಚಿತರು ಸೇರಿದರೂ ಅವರ ನಡುವೆ ಕರೆಯದೆಯೇ ಬಂದು ಕೂರುವ ತಮ್ಮ ಸ್ನೇಹಪರತೆಗೆ ಮೊಟ್ಟಮೊದಲು ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಕುಟುಂಬದ ಇತರ ಪ್ರಶ್ನೆಗಳೂ ಕ್ಷೇಮವೆಂದು ಬಲ್ಲೆ, ಏಕೆಂದರೆ ಇಂದು ಬೆಳಗಿನಿಂದ ನಾಲ್ಕು ಸಲ ಭೇಟಿಯಾಗಿದ್ದೇವೆ.

ನಾನು ಈ ಬೀದಿಯಲ್ಲಿ ಒಂಬತ್ತು ವರ್ಷದಿಂದ ಕೂದಲು ಕತ್ತರಿಸುವವಳು. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ, ಕತ್ತರಿಯನ್ನು ಕಿವಿಯ ಹತ್ತಿರ ತಂದೆನೋ ಇಲ್ಲವೋ, ತಾವು ಪ್ರತ್ಯಕ್ಷರಾಗುತ್ತೀರಿ. ಕತ್ತರಿ ಹಿಡಿದವಳನ್ನು ಕೆಣಕುವ ತಮ್ಮ ಧೈರ್ಯಕ್ಕೆ ಸೈನ್ಯದಲ್ಲೇ ಪದಕ ಕೊಡಬೇಕು.

ಸೈನ್ಯವೆಂದಾಗ ನೆನಪಾಯಿತು, ನಮ್ಮಪ್ಪ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ನಾನು ಹುಟ್ಟಿದ ಊರನ್ನು ನಲವತ್ತು ದಿನಕ್ಕೇ ಬಿಟ್ಟೆ. ಅಂಬೆಗಾಲು ಒಂದೂರಿನಲ್ಲಿ, ನಡಿಗೆ ಇನ್ನೊಂದೂರಿನಲ್ಲಿ. ಹಾಲುಹಲ್ಲುಗಳು ಮೂರು ಊರುಗಳಲ್ಲಿ ಹಂಚಿಹೋಗಿವೆ. ಒಟ್ಟು ಹನ್ನೊಂದು ಊರು, ಏಳು ಶಾಲೆ, ಮತ್ತು ಯಾವ ಕಿಟಕಿಗೂ ಸರಿಹೊಂದದ ಒಂದೇ ಜೊತೆ ಪರದೆ, ಅದರ ಅಂಚನ್ನು ನಮ್ಮಮ್ಮ ಪ್ರತಿ ವರ್ಗಾವಣೆಗೂ ಬಿಚ್ಚಿ ಹೊಲಿಯುತ್ತಿದ್ದಳು. ತಮ್ಮನ್ನು ಹೇಗೆ ಎದುರಿಸಲಿ ಎಂದು ಕೇಳಿದಾಗ ಅವಳು, “ಅಪ್ಪನ ಲಾರಿ ನಂಬರ್ ಹೇಳು, ನಾವು ಜಾಸ್ತಿ ದಿನ ಇದ್ದಿದ್ದು ಅದರಲ್ಲೇ” ಎಂದಿದ್ದಳು.

ಮೊದಮೊದಲು ಗಿರಾಕಿಗಳಿಗೆ ಇಡೀ ಪಟ್ಟಿಯನ್ನೇ ಒಪ್ಪಿಸುತ್ತಿದ್ದೆ. ಆದರೆ ನಿವೃತ್ತ ಅಂಚೆಯಣ್ಣನಿಗೆ ಎಂಟನೆಯ ಊರನ್ನು ವರ್ಣಿಸುವ ಭರದಲ್ಲಿ ಅವರ ಎಡಗಡೆಯ ಮೀಸೆ ಹೊರಟುಹೋಯಿತು, ನ್ಯಾಯ ಸಮನಾಗಿರಲೆಂದು ಬಲಗಡೆಯದನ್ನೂ ಕಳುಹಿಸಿಕೊಡಬೇಕಾಯಿತು. ಅಂದಿನಿಂದ ತಲೆಗೊಂದು ಊರು ಎಂಬ ನಿಯಮ ಮಾಡಿಕೊಂಡೆ. ಎಲ್ಲವೂ ನಾನು ಬಾಳಿದ ಊರುಗಳೇ, ಒಂದೂ ಸುಳ್ಳಲ್ಲ.

ಕಳೆದ ಶನಿವಾರ ತಮ್ಮ ಕೃಪೆಯಿಂದ ಮೂರು ತಲೆಗಳು ಒಂದೇ ಬೆಂಚಿನ ಮೇಲೆ ಕೂತವು. ಈ ಕಟ್ಟಡದ ಒಡತಿಯೂ ಆದ ಟೀಚರಮ್ಮ, “ನಮ್ಮ ಹುಡುಗಿ ಸಮುದ್ರದ ಕಡೆಯೋಳು” ಎಂದರು. ಬೇಕರಿಯಣ್ಣ, “ಇಲ್ಲ ಟೀಚರೇ, ಬೆಟ್ಟದ ಮೇಲಿನೋಳು, ನನಗೇ ಹೇಳಿದ್ಲು” ಎಂದ. ಅಂಚೆಯಣ್ಣ ಹೊಸ ಮೀಸೆಯನ್ನು ಕೈಯಿಂದ ಕಾಪಾಡಿಕೊಳ್ಳುತ್ತಾ, “ನನ್ನ ಮೀಸೆ ಹೋದಾಗ ಮರಳುಗಾಡಲ್ಲಿದ್ಲು” ಎಂದು ಸಾಕ್ಷಿ ನುಡಿದರು. ಟೀಚರಮ್ಮ ನನ್ನತ್ತ ತಿರುಗಿ, “ಯಾಕಮ್ಮ ಸುಳ್ಳು ಹೇಳ್ತೀಯಾ? ಒಂಬತ್ತು ವರ್ಷದಿಂದ ನೋಡ್ತಿದ್ದೀನಿ, ನೀನು ಯಾರು ಅಂತಾನೇ ಗೊತ್ತಿಲ್ವಲ್ಲ” ಎಂದರು. ಆ ಮಾತು ನನಗೆ ಬಹಳ ನೋವು ಮಾಡಿತು. ಈ ಬೀದಿಯವಳಾಗಬೇಕೆಂಬುದೊಂದೇ ನನ್ನ ಆಸೆಯಾಗಿತ್ತು.

ಮೂಲೆಯಲ್ಲಿ ಟವೆಲ್‌ಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ, ನಿವೃತ್ತಿಯ ನಂತರ ನನ್ನ ಅಂಗಡಿಯಲ್ಲೇ ಕೂರುವ ಅಪ್ಪ ತಲೆಯೆತ್ತದೆ, “ಮೂರೂ ನಿಜ ಟೀಚರೇ, ಇನ್ನೂ ಎಂಟು ಬಾಕಿ ಇವೆ” ಎಂದರು.

ಟೀಚರಮ್ಮನಿಗೆ ಅಷ್ಟು ಸುಲಭಕ್ಕೆ ಸಮಾಧಾನವಾಗುವುದಿಲ್ಲ. “ಹಾಗಾದ್ರೆ ಈ ಊರನ್ನೂ ಬಿಡೋಳೇ ಇರಬೇಕು. ಕನ್ನಡಿ ನೋಡು, ನಾಳೆ ಬೆಳಗ್ಗೆ ಗಂಟು ಕಟ್ಟೋರ ಥರ ಒರಗಿಸಿ ಇಟ್ಟಿದ್ದೀಯ” ಎಂದರು. ಹೌದು ಮಾನ್ಯರೇ, ನನ್ನ ಕನ್ನಡಿ ಒಂಬತ್ತು ವರ್ಷದಿಂದ ಮೇಜಿನ ಮೇಲೆ ಗೋಡೆಗೆ ಒರಗಿಯೇ ನಿಂತಿತ್ತು, ಗಿರಾಕಿಗಳು ತಮ್ಮ ಮುಖ ಕಾಣಲು ಅದಕ್ಕೆ ತಲೆಬಾಗುತ್ತಿದ್ದರು. ಸೈನ್ಯದ ಮನೆ ಖಾಲಿ ಮಾಡುವ ದಿನ ಒಬ್ಬ ಗುಮಾಸ್ತರು ಕಾಗದ ಹಿಡಿದು ಬಂದು ಬಲ್ಬು, ನಲ್ಲಿ, ಗೋಡೆಯ ತೂತುಗಳನ್ನೆಲ್ಲ ಎಣಿಸುತ್ತಿದ್ದರು. ತೂತು ಕಂಡರೆ ಅಪ್ಪ ಬೈಸಿಕೊಳ್ಳಬೇಕಾಗುತ್ತಿತ್ತು. ಹಾಗಾಗಿ ನಲವತ್ತೊಂದು ವರ್ಷದ ನಾನು ಜನ್ಮದಲ್ಲಿ ಅಲ್ಲಿಯವರೆಗೆ ಒಂದೇ ಒಂದು ಮೊಳೆ ಹೊಡೆದವಳಾಗಿರಲಿಲ್ಲ. ಇದನ್ನು ಅವರಿಗೆ ಹೇಳುತ್ತಾ ನಗು ಬಂತು, ಅರ್ಧ ದಾರಿಯಲ್ಲಿ ಅದು ಅಳುವಾಯಿತು.

ಬೇಕರಿಯಣ್ಣ ಸುತ್ತಿಗೆ ತಂದ, ಟೀಚರಮ್ಮ “ನನ್ನ ಗೋಡೆ, ನಾನು ಹೇಳ್ತೀನಿ, ಹೊಡಿ” ಎಂದರು. ಅಪ್ಪ ಸ್ಟೂಲು ಹಿಡಿದುಕೊಂಡರು. “ಯಾರಾದ್ರೂ ಎಣಿಸೋಕೆ ಬಂದ್ರೆ?” ಎಂದು ಮೆಲ್ಲಗೆ ಕೇಳಿದರು. “ಬರಲ್ಲಪ್ಪ” ಎಂದೆ. ಮೂರು ಮೊಳೆ ಸೊಟ್ಟಗಾದವು, ನಾಲ್ಕನೆಯದು ಒಳಗಿಳಿಯಿತು. ಕನ್ನಡಿ ಕೊಂಚ ಎಡಕ್ಕೆ ವಾಲಿದೆ, ಅದರಲ್ಲಿ ಎಲ್ಲರೂ ಏನೋ ಆಲೋಚಿಸುತ್ತಿರುವವರಂತೆ ಕಾಣುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು: ಇನ್ನು ಮುಂದೆ ಸೈನಿಕರ ಮಕ್ಕಳ ಬಳಿಗೆ ಬರುವಾಗ ಒಂದು ಕುರ್ಚಿ, ಬುತ್ತಿ ಮತ್ತು ಎರಡು ದಿನದ ಬಿಡುವು ತರತಕ್ಕದ್ದು, ಇಲ್ಲವಾದಲ್ಲಿ ನನ್ನ ಹಾಲುಹಲ್ಲುಗಳನ್ನು ಮೂರೂ ಊರುಗಳಿಂದ ಹೆಕ್ಕಿ ತಂದು ಒಂದೇ ಕಡೆ ಹೂಳಿಸಿಕೊಡತಕ್ಕದ್ದು. ಎರಡೂ ಆಗದಿದ್ದರೆ ಚಿಂತೆಯಿಲ್ಲ, ತಾವು ಎಂದಿನಂತೆ ಬರಬಹುದು. ಸೋಮವಾರ ಹೊಸ ಗಿರಾಕಿಯೊಬ್ಬರ ಬಾಯಲ್ಲಿ ತಾವು ಬಂದಾಗ ನಾನು ಕತ್ತರಿ ನಿಲ್ಲಿಸದೆ, “ಇದೇ ಊರು. ಕನ್ನಡಿ ಮೇಲೆ ಮೊಳೆ ಕಾಣ್ತಿದೆಯಲ್ಲ, ಅದು ನಂದೇ” ಎಂದೆ. ಮೂಲೆಯಲ್ಲಿ ಅಪ್ಪ ಅಂದು ಮೊದಲ ಸಲ ಒಂದು ಟವೆಲನ್ನು ಸೊಟ್ಟಗೆ ಮಡಿಸಿದರು.

ತಮ್ಮಿಂದ ದಿನವೂ ಸತ್ಕರಿಸಲ್ಪಡುವ,
ತಮ್ಮ ವಿಶ್ವಾಸಿ,
ಮೊಳೆಯ ಒಡತಿ

ಮರೆತ ಮಾತು: ತಮ್ಮ ಬೆನ್ನಿಗೇ ಬರುವ ಕಿರಿಯ ಸಹೋದರ ‘ಮದುವೆ ಆಗಿದೆಯಾ?’ ಅವರಿಗೆ ದಯವಿಟ್ಟು ತಿಳಿಸಿ: ಬೇಕರಿಯಣ್ಣ ಸುತ್ತಿಗೆಯನ್ನು ಇನ್ನೂ ವಾಪಸು ಕೇಳಿಲ್ಲ.